‘ದಿ ಹಸ್ಲರ್’ (1961): ಮೇಜಿನ ಮೇಲೆ ಇರುವುದು ಯಾರ ಹಣ?

ಬೆಳ್ಳಿತೆರೆ ಓದುಗ

ರಾಬರ್ಟ್ ರಾಸೆನ್ ನಿರ್ದೇಶನದ ‘ದಿ ಹಸ್ಲರ್’ ಚಿತ್ರದ ಮಾತು ಬಂದಾಗಲೆಲ್ಲ ಪಾಲ್ ನ್ಯೂಮನ್ ಅವರ ಅಭಿನಯ, 25 ಗಂಟೆ ದಾಟಿ ನಡೆಯುವ ಮೊದಲ ಪಂದ್ಯ, ಮುರಿದ ಹೆಬ್ಬೆರಳುಗಳು, ಇಷ್ಟರಲ್ಲೇ ಚರ್ಚೆ ಮುಗಿದುಹೋಗುತ್ತದೆ. ನಾನು ಬೇರೊಂದು ಪ್ರಶ್ನೆಯನ್ನು ಮುಂದಿಡಲು ಬಯಸುತ್ತೇನೆ. ಈ ಚಿತ್ರದ ಒಂದೊಂದು ಪಂದ್ಯದಲ್ಲೂ ಮೇಜಿನ ಮೇಲಿರುವ ಹಣ ಯಾರದು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರೆ, ಇದು ಆಟದ ಕಥೆಯಾಗಿರುವುದರ ಜೊತೆಗೆ, ತನ್ನ ಕೈಗುಣ ತನ್ನದಾಗಿ ಉಳಿಯದ ಒಬ್ಬ ಕಸುಬುಗಾರನ ಕಥೆಯೂ ಆಗಿ ಕಾಣುತ್ತದೆ.

ಚಿತ್ರ ನೋಡದವರಿಗಾಗಿ ಕಥೆಯ ಎಳೆಯನ್ನು ಹೇಳುತ್ತೇನೆ. ಮುಂದಿನ ಮಾತುಗಳಲ್ಲಿ ಅಂತ್ಯವೂ ಬರುತ್ತದೆ ಎಂಬುದು ಗಮನದಲ್ಲಿರಲಿ. ‘ಫಾಸ್ಟ್’ ಎಡ್ಡಿ ಫೆಲ್ಸನ್ (ನ್ಯೂಮನ್) ಊರೂರು ಅಲೆದು, ಆಟ ಅಷ್ಟಾಗಿ ಬಾರದವನಂತೆ ನಟಿಸಿ, ಎದುರಿಗಿದ್ದವರಲ್ಲಿ ಆಸೆ ಹುಟ್ಟಿಸಿ, ಪಣ ಏರಿಸಿ ಹಣ ಗೆಲ್ಲುವ ಪೂಲ್ ಆಟಗಾರ (ಪೂಲ್ ಎಂದರೆ ಕ್ಯೂ ಎಂಬ ಕೋಲಿನಿಂದ ಚೆಂಡು ಹೊಡೆದು ಮೇಜಿನ ಪಾಕೆಟ್‌ಗಳಿಗೆ ಹಾಕುವ ಆಟ). ಅವನೊಂದಿಗೆ ಹಣದ ಲೆಕ್ಕ ನೋಡಿಕೊಳ್ಳುವ ಹಿರಿಯ ಜೊತೆಗಾರ ಚಾರ್ಲಿ ಇದ್ದಾನೆ. ಇಬ್ಬರೂ ಕೂಡಿಹಾಕಿದ ಹಣದೊಂದಿಗೆ ‘ಏಮ್ಸ್’ ಎಂಬ ಪೂಲ್ ಹಾಲ್‌ಗೆ ಬಂದು, ದೇಶದಲ್ಲೇ ಸರಿಸಾಟಿಯಿಲ್ಲದವನೆಂದು ಹೆಸರಾದ ಮಿನೆಸೋಟ ಫ್ಯಾಟ್ಸ್‌ನನ್ನು ಆಟಕ್ಕೆ ಕರೆಯುತ್ತಾರೆ. ಆಟಕ್ಕೆ 200 ಡಾಲರಿನಂತೆ ಆರಂಭವಾದದ್ದು 1,000 ಡಾಲರಿಗೆ ಏರುತ್ತದೆ. ಒಂದು ಹಂತದಲ್ಲಿ ಎಡ್ಡಿ 18,000 ಡಾಲರಿಗೂ ಹೆಚ್ಚು ಮುಂದಿರುತ್ತಾನೆ. ಚಾರ್ಲಿ ನಿಲ್ಲಿಸೆಂದು ಬೇಡಿಕೊಳ್ಳುತ್ತಾನೆ. ಆದರೆ ಆಟ ಮುಗಿಯಿತೆಂದು ಫ್ಯಾಟ್ಸ್ ಬಾಯಿಂದಲೇ ಬರಬೇಕೆಂಬ ಹಟ ಎಡ್ಡಿಯದು. ಬೆಳಗಾಗುವಾಗ ಅವನ ಕೈಯಲ್ಲಿ ಉಳಿಯುವುದು 200 ಡಾಲರ್.

ಇಲ್ಲಿ ಗಮನಿಸಬೇಕಾದವನು ಆ ಕೋಣೆಯಲ್ಲಿ ಸುಮ್ಮನೆ ಕುಳಿತು ಆಟ ನೋಡುತ್ತಿರುವ ಬರ್ಟ್ ಗಾರ್ಡನ್, ಅಂದರೆ ಜಾರ್ಜ್ ಸಿ. ಸ್ಕಾಟ್ ನಿರ್ವಹಿಸಿದ ಪಾತ್ರ. ಎಡ್ಡಿ ಸೋಲುವ ಜಾತಿಯವನು, ಆಟ ಬಿಡಬೇಡ ಎಂದು ಅವನು ಫ್ಯಾಟ್ಸ್‌ಗೆ ಹೇಳುತ್ತಾನೆ. ಆ ಮಹಾ ಆಟಗಾರ ಫ್ಯಾಟ್ಸ್ ಕೂಡ ಕುರ್ಚಿಯಲ್ಲಿ ಕುಳಿತವನ ಮಾತಿಗೆ ಕಾಯುತ್ತಾನೆ ಎಂಬುದು ನಮಗೆ ಅರಿವಾಗುವುದು ಅಲ್ಲಿಯೇ. ಮುಂದೆ ಬರ್ಟ್ ಎಡ್ಡಿಗೂ ಹಣ ಹೂಡಲು ಮುಂದಾಗುತ್ತಾನೆ. ಷರತ್ತು ಇದು: ಗೆದ್ದ ಹಣದಲ್ಲಿ 75 ಪಾಲು ಬರ್ಟ್‌ಗೆ, 25 ಪಾಲು ಎಡ್ಡಿಗೆ. ಎಡ್ಡಿ ಮೊದಲು ನಿರಾಕರಿಸುತ್ತಾನೆ. ಹೆಬ್ಬೆರಳು ಮುರಿಸಿಕೊಂಡ ಮೇಲೆ ಒಪ್ಪಿಕೊಳ್ಳುತ್ತಾನೆ.

ಆ ಒಪ್ಪಂದದ ಮೇಲೆಯೇ ಅವರು ಕುದುರೆ ಪಂದ್ಯದ ಸಮಯದಲ್ಲಿ ಕೆಂಟಕಿಯ ಲೂಯಿವಿಲ್‌ಗೆ ಹೋಗುತ್ತಾರೆ. ಅಲ್ಲಿ ಫಿಂಡ್ಲಿ ಎಂಬ ಸಿರಿವಂತನೊಡನೆ ಆಡಿ ಎಡ್ಡಿ 12,000 ಡಾಲರ್ ಗೆಲ್ಲುತ್ತಾನೆ. ಅವನ ಪಾಲು 3,000. ಆ ರಾತ್ರಿಯೇ, ಅವನನ್ನು ಪ್ರೀತಿಸಿದ ಸಾರಾ ಸಾಯುತ್ತಾಳೆ. ಕೊನೆಯಲ್ಲಿ ಎಡ್ಡಿ ಏಮ್ಸ್‌ಗೆ ಹಿಂದಿರುಗಿ ಫ್ಯಾಟ್ಸ್ ಎದುರು ಒಂದೇ ಆಟಕ್ಕೆ ಇಡುವ ಹಣವೂ ಅದೇ 3,000. ಇಡೀ ಚಿತ್ರದಲ್ಲಿ ಎಡ್ಡಿ ಸಂಪೂರ್ಣವಾಗಿ ತನ್ನದೇ ಎನ್ನಬಹುದಾದ ಹಣದಿಂದ ಆಡುವ ದೊಡ್ಡ ಪಂದ್ಯ ಇದೊಂದೇ. ಆ ಹಣವಾದರೂ ಎಲ್ಲಿಂದ ಬಂದದ್ದು ಎಂಬುದನ್ನು ಅವನೂ ಮರೆಯುವುದಿಲ್ಲ, ಚಿತ್ರ ನಮ್ಮನ್ನೂ ಮರೆಯಲು ಬಿಡುವುದಿಲ್ಲ. ಈ ಲೆಕ್ಕಾಚಾರ ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಅಭಿಪ್ರಾಯಗಳನ್ನು ತಿಳಿಸಿ.

ಕ್ಯೂ ಹಿಡಿದವನು

ಬೆಂಗಳೂರಿನಲ್ಲಿ ಬಹಳ ಕಾಲದಿಂದ ಸ್ನೂಕರ್ ಮತ್ತು ಬಿಲಿಯರ್ಡ್ಸ್ ಆಡುತ್ತಿರುವವನಾಗಿ ಆಟದ ಕಡೆಯಿಂದ ಕೆಲವು ವಿಷಯಗಳನ್ನು ಸೇರಿಸುತ್ತೇನೆ. ಪಂಕಜ್ ಅಡ್ವಾಣಿ ಅವರಿಂದಾಗಿ ನಮ್ಮಲ್ಲಿ ಅನೇಕರಿಗೆ ಪರಿಚಯವಿರುವ ಮೇಜು 12 ಅಡಿಯದು. ಅಮೆರಿಕದ ಪಂದ್ಯಗಳ ಪೂಲ್ ಮೇಜು ಸಾಮಾನ್ಯವಾಗಿ 9 ಅಡಿ ಉದ್ದವಿರುತ್ತದೆ. ಚೆಂಡುಗಳು ಸ್ನೂಕರ್ ಚೆಂಡುಗಳಿಗಿಂತ ದೊಡ್ಡವು, ಪಾಕೆಟ್‌ಗಳೂ ಅಗಲ. ಹೀಗಾಗಿ ಸ್ನೂಕರ್ ನೋಡಿದ ಕಣ್ಣಿಗೆ ಪೂಲ್ ಸುಲಭವೆನ್ನಿಸುವುದುಂಟು. ಆದರೆ ಈ ಚಿತ್ರದಲ್ಲಿ ಆಡುವ ‘ಸ್ಟ್ರೈಟ್ ಪೂಲ್’ ಪದ್ಧತಿಯನ್ನು ಅರ್ಥ ಮಾಡಿಕೊಂಡರೆ ಆ ಭಾವನೆ ಉಳಿಯುವುದಿಲ್ಲ.

ಅದರ ನಿಯಮ ಹೀಗಿದೆ. ಮೇಜಿನ ಮೇಲೆ 15 ಚೆಂಡುಗಳು. ಬಣ್ಣ, ಸಂಖ್ಯೆಗಳ ಭೇದವಿಲ್ಲದೆ ಯಾವ ಚೆಂಡನ್ನಾದರೂ ಹೊಡೆಯಬಹುದು, ಆದರೆ ಯಾವ ಚೆಂಡು ಯಾವ ಪಾಕೆಟ್‌ಗೆ ಎಂಬುದನ್ನು ಮೊದಲೇ ಹೇಳಬೇಕು. ಒಂದು ಚೆಂಡಿಗೆ ಒಂದು ಅಂಕ. 14 ಚೆಂಡುಗಳು ಒಳಗೆ ಹೋದ ಮೇಲೆ ಕೊನೆಯ ಒಂದನ್ನು ಹಾಗೆಯೇ ಬಿಟ್ಟು, ಉಳಿದ 14ನ್ನು ಮತ್ತೆ ತ್ರಿಕೋನದಲ್ಲಿ ಜೋಡಿಸುತ್ತಾರೆ. ಆಟಗಾರ ಉಳಿದ ಆ ಒಂದು ಚೆಂಡನ್ನು ಹೊಡೆಯುವಾಗಲೇ ಬಿಳಿ ಚೆಂಡು ಹೊಸ ಗುಂಪನ್ನು ಒಡೆಯುವಂತೆ ನೋಡಿಕೊಳ್ಳಬೇಕು. ಹೊಡೆತ ತಪ್ಪದಿದ್ದರೆ ಸರದಿ ಮುಗಿಯುವುದೇ ಇಲ್ಲ, ಎದುರಾಳಿ ಗಂಟೆಗಟ್ಟಲೆ ಕುರ್ಚಿಯಲ್ಲೇ ಕುಳಿತಿರಬೇಕಾಗಬಹುದು. ಕುಳಿತವನ ಮನಸ್ಸು ಒಳಗೊಳಗೇ ಕುಸಿಯುವುದು ಈ ಆಟದ ಭಾಗವೇ ಆಗಿದೆ. ಜಾಕಿ ಗ್ಲೀಸನ್ ಅವರ ಫ್ಯಾಟ್ಸ್ ಕುರ್ಚಿಯಲ್ಲಿ ಕುಳಿತುಕೊಳ್ಳುವ ರೀತಿಯನ್ನು ಇನ್ನೊಮ್ಮೆ ನೋಡಿ. ಆಟ ಬಲ್ಲವರಿಗೆ ಅಲ್ಲಿ ಅಭಿನಯದ ಅರ್ಧ ಭಾಗ ಕಾಣಿಸುತ್ತದೆ.

ಚಿತ್ರದ ತಾಂತ್ರಿಕ ಸಲಹೆಗಾರರಾಗಿದ್ದವರು ವಿಲ್ಲಿ ಮೊಸ್ಕೋನಿ. ಸ್ಟ್ರೈಟ್ ಪೂಲ್‌ನಲ್ಲಿ 15 ಸಲ ವಿಶ್ವ ಚಾಂಪಿಯನ್ ಆಗಿದ್ದ ಅವರು 1954ರಲ್ಲಿ ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಡೆದ ಪ್ರದರ್ಶನ ಪಂದ್ಯವೊಂದರಲ್ಲಿ ಒಂದೂ ಹೊಡೆತ ತಪ್ಪದೆ 526 ಚೆಂಡುಗಳನ್ನು ಪಾಕೆಟ್‌ಗೆ ಹಾಕಿದ್ದರು. ನ್ಯೂಮನ್ ಅವರಿಗೆ ಈ ಆಟ ಹೆಚ್ಚುಕಡಿಮೆ ಹೊಸದು, ಮೊಸ್ಕೋನಿ ಅವರಿಂದಲೇ ಕಲಿತರು. ಗ್ಲೀಸನ್ ಮಾತ್ರ ಮೊದಲಿನಿಂದಲೇ ಒಳ್ಳೆಯ ಆಟಗಾರರಾಗಿದ್ದರು, ಹಾಗಾಗಿ ಕ್ಯಾಮೆರಾ ಅವರ ಮುಖ, ತೋಳು, ಚೆಂಡು ಮೂರನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಅವಕಾಶವಾಗಿದೆ. ಮೊದಲ ಪಂದ್ಯದಲ್ಲಿ ಪಣದ ಹಣವನ್ನು ಹಿಡಿದುಕೊಳ್ಳುವ ವ್ಯಕ್ತಿಯಾಗಿ ಮೊಸ್ಕೋನಿ ಅವರೇ ಕಾಣಿಸಿಕೊಂಡಿದ್ದಾರೆ. ಬೆಳ್ಳಿತೆರೆ ಓದುಗರು ಎತ್ತಿದ ‘ಹಣ ಯಾರದು’ ಎಂಬ ಪ್ರಶ್ನೆಯ ಹಿನ್ನೆಲೆಯಲ್ಲಿ ನೋಡಿದರೆ, ಆ ಕೋಣೆಯಲ್ಲಿ ಎಲ್ಲರಿಗಿಂತ ದೊಡ್ಡ ಆಟಗಾರ ಇನ್ನೊಬ್ಬರ ಹಣ ಹಿಡಿದು ನಿಂತಿದ್ದಾರೆ.

ತುಂಗಾತೀರ

ಓದುಗರ ಲೆಕ್ಕ ಒಪ್ಪುವಂತಿದೆ. ಆದರೆ ಆ ಲೆಕ್ಕದಲ್ಲಿ ಸಾರಾ ಒಂದು ಸಾಲಿನಲ್ಲಿ ಬಂದು ಒಂದು ಸಾಲಿನಲ್ಲಿ ಸತ್ತುಹೋಗಿದ್ದಾಳೆ. ಚಿತ್ರದ ಬಗ್ಗೆ ನನಗಿರುವ ತಕರಾರು ಕೂಡ ಇದೇ ಆಗಿರುವುದರಿಂದ ಅದನ್ನು ಬಿಡಿಸಿ ಹೇಳುತ್ತೇನೆ.

ಪೈಪರ್ ಲಾರಿ ನಿರ್ವಹಿಸಿದ ಸಾರಾ ಪ್ಯಾಕರ್ಡ್ ಆ ಕಾಲದ ಹಾಲಿವುಡ್ ನಾಯಕಿಯರಂತೆ ಇಲ್ಲ. ಕಾಲು ಎಳೆದು ನಡೆಯುತ್ತಾಳೆ, ಕುಡಿಯುತ್ತಾಳೆ, ತಂದೆ ಕಳುಹಿಸುವ ಹಣದಲ್ಲಿ ಬದುಕುತ್ತಾಳೆ, ವಾರದಲ್ಲಿ ಎರಡು ದಿನ ಕಾಲೇಜಿಗೆ ಹೋಗುತ್ತಾಳೆ, ಬರೆಯಲು ಪ್ರಯತ್ನಿಸುತ್ತಾಳೆ. ನಸುಕಿನ ಬಸ್ ನಿಲ್ದಾಣದಲ್ಲಿ ಎಡ್ಡಿಯೂ ಅವಳೂ ಮೊದಲು ಮಾತನಾಡುವ ದೃಶ್ಯದಲ್ಲಿ ಪರಸ್ಪರ ಮೆಚ್ಚಿಸುವ ಯಾವ ಪ್ರಯತ್ನವೂ ಇಲ್ಲ. ದಣಿದ ಇಬ್ಬರು ಒಬ್ಬರನ್ನೊಬ್ಬರು ಗುರುತಿಸುತ್ತಾರೆ, ಅಷ್ಟೇ. ಇಷ್ಟು ಸೂಕ್ಷ್ಮವಾಗಿ ಕಟ್ಟಿದ ಪಾತ್ರವನ್ನು ಕೊನೆಗೆ ಆತ್ಮಹತ್ಯೆಗೆ ದೂಡಿ, ಆ ಸಾವನ್ನು ಎಡ್ಡಿ ಮನುಷ್ಯನಾಗುವುದಕ್ಕೆ ಮೆಟ್ಟಿಲಾಗಿ ಬಳಸಿಕೊಂಡದ್ದು ನನಗೆ ಅನ್ಯಾಯವೆಂದೇ ತೋರುತ್ತದೆ. ಚಿತ್ರಕ್ಕೆ ಮೂಲವಾದ, 1959ರಲ್ಲಿ ಪ್ರಕಟವಾದ ವಾಲ್ಟರ್ ಟೆವಿಸ್ ಅವರ ಕಾದಂಬರಿಯಲ್ಲಿ ಸಾರಾ ಸಾಯುವುದಿಲ್ಲ. ಅಂದರೆ ಅವಳ ಸಾವು ಚಿತ್ರಕಥೆ ಬರೆದ ಸಿಡ್ನಿ ಕ್ಯಾರಲ್ ಮತ್ತು ರಾಸೆನ್ ಅವರ ಆಯ್ಕೆ.

ಬರ್ಟ್ ಅವಳನ್ನು ಮಾತಿನಲ್ಲೂ ದೇಹದ ಮೇಲೂ ಅವಮಾನಿಸುವ ಆ ಹೋಟೆಲಿನ ಭಾಗವನ್ನು ಚಿತ್ರ ಬಹುಪಾಲು ಸೂಚನೆಯಲ್ಲೇ ದಾಟಿಸುತ್ತದೆ. ಅದು ಆ ಕಾಲದ ಸೆನ್ಸಾರ್ ನಿಯಮಗಳ ಫಲವೂ ಇರಬಹುದು. ಆದರೆ ಅದರಿಂದ ಅವಳ ನಿರ್ಧಾರ ಅವಳ ಒಳಗಿನಿಂದ ನಮಗೆ ಸಿಗುವುದೇ ಇಲ್ಲ. ಸಾಯುವ ಮುನ್ನ ಅವಳು ಕನ್ನಡಿಯ ಮೇಲೆ ಬರೆದ ಮೂರು ಪದಗಳು ಮಾತ್ರ ಸಿಗುತ್ತವೆ. 

ಬೆಳ್ಳಿತೆರೆ ಓದುಗ

ತುಂಗಾತೀರ ಅವರೇ, ನಿಮ್ಮ ತಕರಾರು ನ್ಯಾಯವಾದುದು. ಸಾರಾಳ ಸಾವು ಎಡ್ಡಿಯ ಕಥೆಗೆ ಅನುಕೂಲವಾಗುವಂತೆ ಬಂದಿದೆ ಎಂಬುದನ್ನು ಅಲ್ಲಗಳೆಯಲು ಸಾಧ್ಯವಿಲ್ಲ. ಆದರೂ ಚಿತ್ರದಲ್ಲಿ ಅವಳಿಗೆ ಇರುವ ಸ್ಥಾನವನ್ನು ಸಾವಿನ ದೃಶ್ಯವೊಂದರಿಂದಲೇ ಅಳೆಯಬಾರದೆಂದು ಕೇಳಿಕೊಳ್ಳುತ್ತೇನೆ. ನನ್ನ ದೃಷ್ಟಿಯಲ್ಲಿ ಇಡೀ ಚಿತ್ರದ ನಡುಗಂಬ ಬಯಲಿನಲ್ಲಿ ಇಬ್ಬರೂ ಊಟದ ಬುಟ್ಟಿಯೊಂದಿಗೆ ಕುಳಿತಿರುವ ದೃಶ್ಯ.

ಆಗ ಎಡ್ಡಿಯ ಎರಡೂ ಕೈಗಳು ಪ್ಲಾಸ್ಟರಿನಲ್ಲಿವೆ. ಆಡಲು ಸಾಧ್ಯವಿಲ್ಲ, ಹೂಡಲು ಹಣವಿಲ್ಲ, ನೋಡುವ ಜನರಿಲ್ಲ. ಅಂಥ ಹೊತ್ತಿನಲ್ಲಿ ಅವನು ಮೊಟ್ಟಮೊದಲ ಬಾರಿಗೆ ಆಟದ ಆನಂದವನ್ನು ಮಾತಿನಲ್ಲಿ ಹೇಳುತ್ತಾನೆ: ಕೈ ಕುದುರಿದಾಗ ಕ್ಯೂ ತನ್ನದೇ ಅಂಗವಾಗಿಬಿಡುತ್ತದೆ, ಆ ಮರದೊಳಗೂ ನರಗಳಿದ್ದಂತೆ ಅನ್ನಿಸುತ್ತದೆ, ಚೆಂಡು ಎಲ್ಲಿಗೆ ಹೋಗುತ್ತದೆಂದು ನೋಡದೆಯೇ ತಿಳಿಯುತ್ತದೆ, ಇದುವರೆಗೆ ಯಾರೂ ಆಡದ ಹಾಗೆ ಆಟ ಆಡಿಬಿಡಬಹುದು. ಯಾವ ಕೆಲಸವಾದರೂ ಸರಿ, ಇಟ್ಟಿಗೆ ಕಟ್ಟುವುದೇ ಇರಲಿ, ತಿಳಿದು ಮಾಡುವವನಿಗೆ ಅದು ದೊಡ್ಡದಾಗುತ್ತದೆ ಎಂಬುದು ಅವನ ಮಾತಿನ ಸಾರ. ಅದನ್ನು ಕೇಳಿ ಸಾರಾ, ನೀನು ಸೋತವನಲ್ಲ, ಹೀಗೆ ಅನುಭವಿಸುವ ಭಾಗ್ಯ ಎಷ್ಟೋ ಜನರಿಗೆ ಯಾವತ್ತೂ ಸಿಗುವುದಿಲ್ಲ ಎನ್ನುತ್ತಾಳೆ.

ಎಡ್ಡಿಯ ಗೆಲುವು ಸೋಲುಗಳ ಬಗ್ಗೆ ತೀರ್ಪು ಕೊಡುವವರು ಚಿತ್ರದಲ್ಲಿ ಇಬ್ಬರೇ. ಬರ್ಟ್‌ನ ತೀರ್ಪಿನ ಹಿಂದೆ ಅವನು ಹೂಡುವ ಹಣವಿದೆ. ಸಾರಾಳ ತೀರ್ಪಿನ ಹಿಂದೆ ಏನೂ ಇಲ್ಲ. ಅವಳ ಮಾತು ಸರಿಯೆಂದು ಎಡ್ಡಿಗೆ ಗೊತ್ತಾಗುವುದು ಅವಳು ಹೋದ ಮೇಲೆ. ಇದನ್ನು ಚಿತ್ರದ ಕ್ರೌರ್ಯ ಎನ್ನಬಹುದು. ಅವಳನ್ನು ಮರೆತ ಚಿತ್ರ ಎಂದು ಮಾತ್ರ ನನ್ನಿಂದ ಹೇಳಲಾಗದು.

ಕಪ್ಪು ಬಿಳುಪು

ಆ ಬಯಲಿನ ದೃಶ್ಯದ ಪ್ರಸ್ತಾಪ ಬಂದದ್ದು ಒಳ್ಳೆಯದಾಯಿತು. ಇಡೀ ಚಿತ್ರದಲ್ಲಿ ಆಕಾಶ ಕಾಣುವ ದೃಶ್ಯಗಳು ಬಹಳ ಕಡಿಮೆ. ಏಮ್ಸ್‌ನೊಳಗೆ ಹಗಲು ರಾತ್ರಿಗಳ ವ್ಯತ್ಯಾಸವೇ ಇಲ್ಲ. ಪಂದ್ಯದ ನಡುವೆ ಬೆಳಗಾಗಿ ಯಾರೋ ಕಿಟಕಿಯ ಪರದೆ ಸರಿಸಿದಾಗ ಒಳಗೆ ನುಗ್ಗುವ ಬಿಸಿಲು ಕೂಡ ಅಲ್ಲಿನವರಿಗೆ ಸಹಿಸಲಾರದ ವಸ್ತು. ಎಡ್ಡಿ ಮೊದಲ ಸಲ ಒಳಗೆ ಕಾಲಿಡುವಾಗ ಈ ಜಾಗ ಚರ್ಚಿನಂತೆ ನಿಶ್ಶಬ್ದವಾಗಿದೆ ಎನ್ನುತ್ತಾನೆ. ಚಾರ್ಲಿಗೆ ಅದು ಶವಾಗಾರದಂತೆ, ಮೇಜುಗಳು ಹೆಣ ಮಲಗಿಸುವ ಕಲ್ಲಿನಂತೆ ಕಾಣುತ್ತವೆ. ಒಂದೇ ಕೋಣೆಯನ್ನು ಇಬ್ಬರೂ ಕಂಡ ಬಗೆಯಲ್ಲೇ ಅವರ ಮುಂದಿನ ದಾರಿಗಳು ಬೇರೆಯಾಗಿವೆ.

ಛಾಯಾಗ್ರಾಹಕ ಯೂಜೆನ್ ಶುಫ್ಟಾನ್ ಅವರಿಗೆ ಈ ಚಿತ್ರಕ್ಕಾಗಿ ಆಸ್ಕರ್ ಬಂತು. ಜರ್ಮನಿಯ ಮೂಕಿ ಚಿತ್ರಗಳ ಕಾಲದಿಂದ ಬಂದವರು ಅವರು. 1927ರ ‘ಮೆಟ್ರೊಪೊಲಿಸ್’ ಚಿತ್ರದಲ್ಲಿ ಕನ್ನಡಿಯ ಸಹಾಯದಿಂದ ಚಿಕ್ಕ ಮಾದರಿಗಳೊಳಗೆ ನಟರನ್ನು ಸೇರಿಸಿ ತೋರಿಸಿದ ತಂತ್ರ ಇಂದಿಗೂ ಅವರ ಹೆಸರಿನಲ್ಲೇ ಇದೆ. ನಾಜಿಗಳು ಅಧಿಕಾರಕ್ಕೆ ಬಂದ ನಂತರ ಅವರು ದೇಶ ಬಿಡಬೇಕಾಯಿತು. ಇಲ್ಲಿ ಅವರ ಕೈಗೆ ಸಿಕ್ಕಿದ್ದು ಸಿನೆಮಾಸ್ಕೋಪ್, ಅಂದರೆ ಎತ್ತರದ ಎರಡು ಪಟ್ಟಿಗಿಂತಲೂ ಹೆಚ್ಚು ಅಗಲವಿರುವ ಚೌಕಟ್ಟು. ಮರುಭೂಮಿ, ಯುದ್ಧಭೂಮಿ, ರಾಜಸಭೆಗಳನ್ನು ತೋರಿಸಲು ಆ ಕಾಲದವರು ಬಳಸುತ್ತಿದ್ದ ಅಗಲವನ್ನು ಶುಫ್ಟಾನ್ ತಗ್ಗು ಚಾವಣಿಯ ಕೋಣೆಗಳಿಗೆ ಬಳಸಿದರು. ಪರಿಣಾಮವಾಗಿ ಮೇಜು ಚೌಕಟ್ಟನ್ನು ತುಂಬುತ್ತದೆ, ಮೇಲಿನ ದೀಪಗಳು ತಲೆಯ ಮೇಲೆ ಒತ್ತುತ್ತವೆ, ಆಡುವವನು ಒಂದು ಬದಿಯಲ್ಲೂ ಕಾಯುವವನು ಇನ್ನೊಂದು ಬದಿಯಲ್ಲೂ ಇರುವಾಗ ನಡುವಿನ ದೂರ ಎದ್ದು ಕಾಣುತ್ತದೆ. ಬಹಳ ಸಲ ಆ ನಡುವಿನ ಜಾಗದಲ್ಲಿ, ಸ್ವಲ್ಪ ಹಿಂದೆ, ಬರ್ಟ್ ಕುಳಿತಿರುತ್ತಾನೆ. ಓದುಗರ ಪ್ರಶ್ನೆಗೆ ಕ್ಯಾಮೆರಾ ಕೊಡುವ ಉತ್ತರವಿದು ಎಂದು ನಾನು ತಿಳಿಯುತ್ತೇನೆ.

ಸಂಕಲನಕಾರ್ತಿ ಡೀಡೀ ಆಲನ್ ಅವರ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲವೆಂಬ ಕೊರಗು ನನಗಿದೆ. ಮೊದಲ ಪಂದ್ಯದಲ್ಲಿ ಒಂದು ಚಿತ್ರಿಕೆ ಇನ್ನೊಂದರೊಳಗೆ ಕರಗುತ್ತ, ಕೈ, ಚೆಂಡು, ನೋಟು, ಮುಖಗಳು ಒಂದರ ಮೇಲೊಂದು ಬಂದು ಬೀಳುವಾಗ ಯಾವ ಆಟ ಎಲ್ಲಿ ಮುಗಿಯಿತೆಂಬುದೇ ತಿಳಿಯದಂತಾಗುತ್ತದೆ. ಎಡ್ಡಿಗೂ ಅದು ತಿಳಿಯುತ್ತಿಲ್ಲ. ಆರು ವರ್ಷಗಳ ನಂತರ ‘ಬಾನಿ ಅಂಡ್ ಕ್ಲೈಡ್’ ಚಿತ್ರದಿಂದ ಅವರು ಪ್ರಸಿದ್ಧರಾದರು. ಆ ಧೈರ್ಯ ಇಲ್ಲಿಯೇ ಮೊಳೆತಿತ್ತು. ಚಿತ್ರಕ್ಕೆ ಬಂದ ಒಂಬತ್ತು ಆಸ್ಕರ್ ನಾಮನಿರ್ದೇಶನಗಳಲ್ಲಿ ಸಂಕಲನದ್ದು ಇರಲಿಲ್ಲ. ಗೆದ್ದದ್ದು ಎರಡು, ಛಾಯಾಗ್ರಹಣ ಮತ್ತು ಕಲಾ ನಿರ್ದೇಶನ. ಸ್ಕಾಟ್ ತಮಗೆ ಬಂದ ನಾಮನಿರ್ದೇಶನವನ್ನೇ ಬೇಡವೆಂದಿದ್ದರು.

ಹೊಸ ಪ್ರೇಕ್ಷಕಿ

ಎಲ್ಲರ ಬರಹಗಳನ್ನೂ ಆಸಕ್ತಿಯಿಂದ ಓದುತ್ತಿದ್ದೇನೆ. ಮಿನೆಸೋಟ ಫ್ಯಾಟ್ಸ್ ಎಂಬ ಹೆಸರಿನ ಆಟಗಾರರು ನಿಜವಾಗಿಯೂ ಇದ್ದರೆಂದು ಕೇಳಿದ್ದೇನೆ. ಚಿತ್ರ ಅವರ ಜೀವನವನ್ನು ಆಧರಿಸಿದ್ದೇ?

ಕ್ಯೂ ಹಿಡಿದವನು

ನಡೆದದ್ದು ಅದರ ತಿರುವುಮುರುವು. ರುಡಾಲ್ಫ್ ವಾಂಡರೋನ್ ಎಂಬ ಆಟಗಾರರು ಮೊದಲು ‘ನ್ಯೂಯಾರ್ಕ್ ಫ್ಯಾಟ್ಸ್’ ಎಂದು ಪರಿಚಿತರಾಗಿದ್ದರು. ಚಿತ್ರ ಹೆಸರು ಮಾಡಿದ ಮೇಲೆ ಆ ಪಾತ್ರಕ್ಕೆ ತಾವೇ ಮೂಲವೆಂದು ಹೇಳಿಕೊಂಡು ಮಿನೆಸೋಟ ಫ್ಯಾಟ್ಸ್ ಎಂಬ ಹೆಸರನ್ನು ಇಟ್ಟುಕೊಂಡರು. ಪಾತ್ರ ತಮ್ಮ ಕಲ್ಪನೆಯದೆಂದು ಟೆವಿಸ್ ಹೇಳುತ್ತಲೇ ಬಂದರು. ಮೊಸ್ಕೋನಿ ಅವರಿಗೂ ವಾಂಡರೋನ್ ಅವರಿಗೂ ಇದ್ದ ವೈಮನಸ್ಯ 1978ರಲ್ಲಿ ದೂರದರ್ಶನದ ಪಂದ್ಯವಾಗಿ ಪ್ರಸಾರವಾಯಿತು, ಗೆದ್ದವರು ಮೊಸ್ಕೋನಿ.

ಟೆವಿಸ್ ಬೆಳೆದದ್ದು ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ, ಪೂಲ್ ಹಾಲ್‌ಗಳ ಒಡನಾಟದಲ್ಲಿ. ಲೂಯಿವಿಲ್‌ನ ಕುದುರೆ ಪಂದ್ಯದ ಗದ್ದಲ, ಫಿಂಡ್ಲಿಯಂಥ ಮನೆತನದವರ ನಯ ಮತ್ತು ತಾತ್ಸಾರ ಅವರಿಗೆ ಹತ್ತಿರದಿಂದ ಗೊತ್ತಿದ್ದ ಲೋಕ. ಫಿಂಡ್ಲಿಯ ಮನೆಯ ನೆಲಮಾಳಿಗೆಯಲ್ಲಿರುವ ಮೇಜನ್ನು ಗಮನಿಸಿ. ಅದರಲ್ಲಿ ಪಾಕೆಟ್‌ಗಳೇ ಇಲ್ಲ. ಅದು ಕ್ಯಾರಮ್ ಬಿಲಿಯರ್ಡ್ಸ್ ಮೇಜು. ಚೆಂಡನ್ನು ಒಳಗೆ ಹಾಕುವ ಆಟವಲ್ಲ, ತನ್ನ ಚೆಂಡು ಉಳಿದೆರಡು ಚೆಂಡುಗಳನ್ನು ತಾಗುವಂತೆ ಮಾಡುವ ಆಟ. ಪೂಲ್ ಆಡಲು ಬಂದ ಎಡ್ಡಿ ಅಲ್ಲಿ ಸಿರಿವಂತನ ಆಟವನ್ನು, ಸಿರಿವಂತನ ಮೇಜಿನ ಮೇಲೆ, ಬರ್ಟ್‌ನ ಹಣದಿಂದ ಆಡಬೇಕಾಗುತ್ತದೆ.

ಇತಿಹಾಸದ ಹಾದಿ

ರಾಸೆನ್ ಅವರ ಬದುಕನ್ನು ಬಿಟ್ಟು ಈ ಚಿತ್ರವನ್ನು ಪೂರ್ತಿ ಅರಿಯಲಾಗದೆಂಬುದು ನನ್ನ ನಂಬಿಕೆ. 1908ರಲ್ಲಿ ನ್ಯೂಯಾರ್ಕ್‌ನ ಯಹೂದಿ ವಲಸಿಗರ ಕುಟುಂಬದಲ್ಲಿ ಹುಟ್ಟಿದ ಅವರು ಯೌವನದಲ್ಲಿ ಪೂಲ್ ಹಾಲ್‌ಗಳಲ್ಲಿ ಹಣಕ್ಕಾಗಿ ಆಡಿದವರು. ಆ ಲೋಕದ ಬಗ್ಗೆ ‘ಕಾರ್ನರ್ ಪಾಕೆಟ್’ ಎಂಬ ನಾಟಕವನ್ನೂ ಬರೆದಿದ್ದರು. 1947ರ ‘ಬಾಡಿ ಅಂಡ್ ಸೋಲ್’ ಚಿತ್ರದಲ್ಲಿ ಬಾಕ್ಸಿಂಗ್ ಆಟಗಾರನ ದೇಹವನ್ನು ಇನ್ನೊಬ್ಬರ ಹಣ ಹೇಗೆ ಕೊಂಡುಕೊಳ್ಳುತ್ತದೆಂಬುದನ್ನು ತೋರಿಸಿದರು. ‘ಆಲ್ ದಿ ಕಿಂಗ್ಸ್ ಮೆನ್’ 1949ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆಯಿತು.

ಅಷ್ಟರಲ್ಲಿ ಕಮ್ಯುನಿಸ್ಟರ ಬೇಟೆ ಆರಂಭವಾಗಿತ್ತು. ಒಂದು ಕಾಲದಲ್ಲಿ ಪಕ್ಷದ ಸದಸ್ಯರಾಗಿದ್ದ ರಾಸೆನ್ 1951ರಲ್ಲಿ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ಇತರರ ಹೆಸರು ಹೇಳಲು ನಿರಾಕರಿಸಿದರು. ಹಾಲಿವುಡ್ ಅವರಿಗೆ ಬಾಗಿಲು ಮುಚ್ಚಿತು. 1953ರಲ್ಲಿ ಅದೇ ಸಮಿತಿಯ ಮುಂದೆ ಮತ್ತೆ ಹಾಜರಾಗಿ ಐವತ್ತಕ್ಕೂ ಹೆಚ್ಚು ಜನರ ಹೆಸರು ಹೇಳಿದರು. ಆನಂತರ ಮತ್ತೆ ಚಿತ್ರ ಮಾಡುವ ಅವಕಾಶ ದೊರೆಯಿತು.

ಕೆಲಸ ಮಾಡಲು ಬೇಕಾದ ಅನುಮತಿ ಇನ್ನೊಬ್ಬರ ಕೈಯಲ್ಲಿದ್ದಾಗ, ಅದನ್ನು ಪಡೆಯಲು ಪ್ರೀತಿಯ ಜೀವಗಳನ್ನು ಬಿಟ್ಟುಕೊಡಬೇಕಾಗಿ ಬಂದಾಗ ಮನುಷ್ಯ ಏನು ಮಾಡುತ್ತಾನೆಂಬುದು ರಾಸೆನ್ ಅವರಿಗೆ ಪುಸ್ತಕದಿಂದ ತಿಳಿದ ವಿಷಯವಲ್ಲ. ಎಡ್ಡಿ ಬರ್ಟ್‌ನ ಮುಂದೆ ನಿಂತು, ಸಾರಾಳನ್ನು ತಾನೇ ಕೊಂದೆನೆಂದೂ ಬರ್ಟ್‌ನೂ ಅದರಲ್ಲಿ ಪಾಲುದಾರನೆಂದೂ ಹೇಳುವಾಗ ಆ ಮಾತಿನ ಭಾರ ಎಲ್ಲಿಂದ ಬಂತೆಂದು ನನಗೆ ಅನ್ನಿಸುತ್ತದೆ.

ತುಂಗಾತೀರ

ಇತಿಹಾಸದ ಹಾದಿಯವರು ಕೊಟ್ಟ ಮಾಹಿತಿಗೆ ಕೃತಜ್ಞಳು. ಆದರೆ ನಿರ್ದೇಶಕರ ಪಶ್ಚಾತ್ತಾಪವನ್ನು ನಾವು ಚಿತ್ರದೊಳಗೆ ಹುಡುಕಲು ಹೊರಟರೆ, ಅವರು ಹೆಸರು ಹೇಳಿದ ಆ ಐವತ್ತಕ್ಕೂ ಹೆಚ್ಚು ಜನರ ಪಾಡು ಮತ್ತೆ ಬದಿಗೆ ಸರಿಯುತ್ತದೆ. ಎಡ್ಡಿಯ ಪಶ್ಚಾತ್ತಾಪದ ಬೆಳಕಿನಲ್ಲಿ ಸಾರಾ ಮರೆಯಾದಂತೆಯೇ ಇದೂ ಆಗುತ್ತದೆ. ಇದಲ್ಲದೆ ಚಿತ್ರಕಥೆಯಲ್ಲಿ ಕ್ಯಾರಲ್ ಅವರ ಪಾಲಿದೆ, ಮೂಲ ಕಥೆ ಟೆವಿಸ್ ಅವರದು. ಹಣ ಹೂಡುವವನ ಕ್ರೌರ್ಯವನ್ನು ಕಾಣಲು ರಾಸೆನ್ ಅವರ ವಿಚಾರಣೆಯ ದಾಖಲೆ ಬೇಕಾಗಿಲ್ಲ. ಅದು ಪಾತ್ರಗಳ ಮಾತಿನಲ್ಲೇ ಇದೆ.

ಧಾರವಾಡದ ಓದುಗ

ನಾವು ಕನ್ನಡದವರು ಪಣದ ಕಥೆ ಕೇಳಿದ ಕೂಡಲೇ ಸಭಾಪರ್ವದ ದ್ಯೂತವನ್ನು ನೆನೆಯುತ್ತೇವೆ. ಎದ್ದು ಹೋಗಬಹುದಾಗಿದ್ದಾಗಲೂ ಎದ್ದು ಹೋಗದ ಧರ್ಮರಾಯನ ಹಟವನ್ನು ಮೊದಲ ಪಂದ್ಯದ ಎಡ್ಡಿಯಲ್ಲಿ ಕಾಣದೆ ಇರಲಾರೆವು. ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದೆಂದು ನನ್ನ ವಿನಂತಿ. ಧರ್ಮರಾಯನಿಗೆ ದಾಳದ ಚಾತುರ್ಯವಿರಲಿಲ್ಲ. ಎಡ್ಡಿಯೋ, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲದವನು. ಅವನು ಸೋಲುವುದು ಮೇಜಿನ ಹೊರಗೆ, ಆಟದ ಲೆಕ್ಕಕ್ಕೆ ಸಿಗದ ಜಾಗದಲ್ಲಿ.

ಒಂದು ಕಡೆ ಮಾತ್ರ ಎರಡೂ ನಿಜವಾಗಿ ಹತ್ತಿರ ಬರುತ್ತವೆ. ಫಿಂಡ್ಲಿಯ ಮನೆಯಲ್ಲಿ ಎಡ್ಡಿ ಸೋಲುತ್ತಿರುವಾಗ ಸಾರಾ ಬಂದು, ಇವರ ಬಳಿ ಬೇಡಿಕೊಳ್ಳಬೇಡ, ನನ್ನೊಡನೆ ಬಂದುಬಿಡು ಎಂದು ಅಂಗಲಾಚುತ್ತಾಳೆ. ಎಡ್ಡಿ ಅವಳನ್ನು ಹೊರಗೆ ಹೋಗೆಂದು ಗದರುತ್ತಾನೆ. ಬರ್ಟ್ ಮತ್ತೆ ಹಣ ಹೂಡಲು ಒಪ್ಪುವುದು ಆನಂತರವೇ. ಸಾರಾಳನ್ನು ಪಣಕ್ಕಿಟ್ಟೆನೆಂದು ಯಾರ ಬಾಯಿಂದಲೂ ಬರುವುದಿಲ್ಲ, ಆದರೆ ಆ ಗಳಿಗೆಯಲ್ಲಿ ಮೇಜಿನ ಮೇಲೆ ಇಟ್ಟದ್ದು ಅವಳನ್ನೇ. ಆಟಕ್ಕೆ 1,000 ಡಾಲರ್ ಎಂಬುದು ಕಾಣುವ ಪಣ ಮಾತ್ರ. ತುಂಗಾತೀರ ಅವರು ಅನ್ಯಾಯ ಎಂದದ್ದನ್ನು ನಾನು ಒಪ್ಪುತ್ತೇನೆ. ಆ ಅನ್ಯಾಯವನ್ನು ಚಿತ್ರ ಅರಿತೇ ತೋರಿಸಿದೆ ಎಂಬುದನ್ನೂ ಸೇರಿಸುತ್ತೇನೆ.

ತುಂಗಾತೀರ

ಸಭಾಪರ್ವದಲ್ಲಿ ದ್ರೌಪದಿ ಸಭೆಗೆ ಪ್ರಶ್ನೆ ಕೇಳುತ್ತಾಳೆ. ತನ್ನನ್ನು ತಾನು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತೆಂಬ ಅವಳ ಪ್ರಶ್ನೆಗೆ ಹಿರಿಯರೆಲ್ಲ ತಲೆ ತಗ್ಗಿಸುತ್ತಾರೆ, ಅವಳು ಉಳಿಯುತ್ತಾಳೆ ಕೂಡ. ಸಾರಾಳೂ ಫಿಂಡ್ಲಿಯ ನೆಲಮಾಳಿಗೆಯಲ್ಲಿ ಅಂಥದೇ ಮಾತನ್ನು ಎತ್ತುತ್ತಾಳೆ, ಇವರು ವಿಕೃತರು, ಒಳಗೊಳಗೇ ಊನಗೊಂಡವರು ಎನ್ನುತ್ತಾಳೆ. ಆದರೆ ಆ ಮಾತಿಗೆ ಉತ್ತರಿಸಬೇಕಾದ ಹೊರೆಯನ್ನು ಚಿತ್ರ ಯಾರ ಮೇಲೂ ಹಾಕದೆ, ಕೊನೆಗೆ ಅದನ್ನು ಅವಳೇ ಕನ್ನಡಿಯ ಮೇಲೆ ಬರೆದು ಹೋಗುವಂತೆ ಮಾಡುತ್ತದೆ. ಚಿತ್ರ ಅರಿತೇ ತೋರಿಸಿದೆ ಎಂಬ ಮಾತನ್ನು ಒಪ್ಪಿದರೂ ನನ್ನ ತಕರಾರು ಹಾಗೆಯೇ ಉಳಿಯುತ್ತದೆ. ಪೈಪರ್ ಲಾರಿ ಅವರ ಮುಖದಲ್ಲಿ ಇನ್ನೂ ಒಂದು ಇಡೀ ಚಿತ್ರಕ್ಕೆ ಸಾಕಾಗುವಷ್ಟು ಬದುಕು ಇತ್ತು.

ಕಪ್ಪು ಬಿಳುಪು

ಚಾರ್ಲಿಯ ಬಗ್ಗೆ ಯಾರೂ ಹೇಳಲಿಲ್ಲ. ಮೈರಾನ್ ಮೆಕಾರ್ಮಿಕ್ ನಿರ್ವಹಿಸಿದ ಆ ಪಾತ್ರಕ್ಕೆ ಚಿಕ್ಕ ಆಸೆಯೊಂದಿದೆ: ವಯಸ್ಸಾಯಿತು, ಸ್ವಂತದ್ದೊಂದು ಸಣ್ಣ ಪೂಲ್ ಹಾಲ್ ಇಟ್ಟುಕೊಂಡು ನೆಮ್ಮದಿಯಾಗಿ ಇರಬೇಕು. ತನ್ನ ಪಾಲಿನ ಹಣವನ್ನು ಅವನು ಆ ರಾತ್ರಿ ಬಚ್ಚಿಟ್ಟುಕೊಂಡಿದ್ದನೆಂದು ತಿಳಿದಾಗ ಎಡ್ಡಿ ಅವನನ್ನು ಕಡು ಮಾತುಗಳಿಂದ ಓಡಿಸುತ್ತಾನೆ. ಆದರೆ ಹಣವನ್ನು ಎಡ್ಡಿಯ ಮೇಲೆ ಹಿಡಿತ ಸಾಧಿಸಲು ಬಳಸದ ಪಾಲುದಾರ ಚಿತ್ರದಲ್ಲಿ ಇದ್ದರೆ ಅವನು ಚಾರ್ಲಿಯೇ. ಅವನನ್ನು ಕಳೆದುಕೊಂಡ ಜಾಗಕ್ಕೇ ಬರ್ಟ್ ಬಂದು ಕೂರುತ್ತಾನೆ.

ಬೆಳ್ಳಿತೆರೆ ಓದುಗ

ಚಾರ್ಲಿಯನ್ನು ನೆನಪಿಸಿದ್ದಕ್ಕಾಗಿ ಧನ್ಯವಾದ. ಕೊನೆಯ ಪಂದ್ಯದ ಬಗ್ಗೆ ಉಳಿದ ಒಂದೆರಡು ಮಾತುಗಳನ್ನು ಹೇಳುತ್ತೇನೆ.

ಎಡ್ಡಿ ಆಟದ ಮೇಲೆ ಆಟ ಗೆದ್ದು, ಫ್ಯಾಟ್ಸ್ ಇನ್ನು ತನ್ನಿಂದಾಗದು ಎಂದು ಕ್ಯೂ ಕೆಳಗಿಟ್ಟ ಮೇಲೂ ಚಿತ್ರ ಮುಗಿಯುವುದಿಲ್ಲ. ಬರ್ಟ್ ತನ್ನ ಪಾಲು ಕೇಳುತ್ತಾನೆ. ಅವನ ಒಂದು ಡಾಲರೂ ಆ ಮೇಜಿನ ಮೇಲೆ ಇರಲಿಲ್ಲ, ಆದರೂ ಕೇಳುತ್ತಾನೆ. ಒಮ್ಮೆ ಹೂಡಿದವನಿಗೆ ಆಟಗಾರನ ಮೇಲೆ ಕಾಯಂ ಹಕ್ಕಿದೆ ಎಂಬುದು ಅವನ ನಿಲುವು. ಕೊಡದಿದ್ದರೆ ಕೈ ಮುರಿಸುವ ಬೆದರಿಕೆಯೂ ಇದೆ. ನಿನ್ನ ಹುಡುಗರು ನನ್ನನ್ನು ಕೊಂದೇಬಿಡಬೇಕು, ಬದುಕಿ ಉಳಿದರೆ ನಾನು ಬಂದು ನಿನ್ನನ್ನು ಕೊಲ್ಲುತ್ತೇನೆ ಎಂದು ಎಡ್ಡಿ ಉತ್ತರಿಸುತ್ತಾನೆ. ಬರ್ಟ್ ಪಾಲನ್ನು ಬಿಟ್ಟುಕೊಡುತ್ತಾನೆ, ಆದರೆ ಇನ್ನು ಮುಂದೆ ದೊಡ್ಡ ಪೂಲ್ ಹಾಲ್‌ಗಳಿಗೆ ಕಾಲಿಡಬಾರದೆಂದು ಆಜ್ಞೆ ಮಾಡುತ್ತಾನೆ. ಎಡ್ಡಿ ಫ್ಯಾಟ್ಸ್‌ನ ಆಟವನ್ನು ಮನಸಾರೆ ಮೆಚ್ಚುತ್ತಾನೆ, ಫ್ಯಾಟ್ಸ್ ಎಡ್ಡಿಯ ಆಟವನ್ನು ಮೆಚ್ಚುತ್ತಾನೆ. ಫ್ಯಾಟ್ಸ್ ಬರ್ಟ್‌ನ ಅಧೀನದಲ್ಲೇ ಉಳಿಯುತ್ತಾನೆ. ಎಡ್ಡಿ ಹೊರಗೆ ಹೋಗುತ್ತಾನೆ, ತನ್ನ ಕಸುಬನ್ನು ಕಳೆದುಕೊಂಡು.

25 ವರ್ಷಗಳ ನಂತರ, 1986ರಲ್ಲಿ, ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶಿಸಿದ ‘ದಿ ಕಲರ್ ಆಫ್ ಮನಿ’ಯಲ್ಲಿ ನ್ಯೂಮನ್ ಮತ್ತೆ ಎಡ್ಡಿಯಾಗಿ ಬಂದು ಅತ್ಯುತ್ತಮ ನಟನ ಆಸ್ಕರ್ ಪಡೆದರು. ಅದರಲ್ಲಿ ಎಡ್ಡಿ ಮದ್ಯದ ವ್ಯಾಪಾರಿ, ಮತ್ತು ಟಾಮ್ ಕ್ರೂಸ್ ನಿರ್ವಹಿಸಿದ ಯುವ ಆಟಗಾರನ ಮೇಲೆ ಹಣ ಹೂಡುವವನು. ಸ್ಟ್ರೈಟ್ ಪೂಲ್ ಬದಲು ಬೇಗ ಮುಗಿಯುವ ನೈನ್-ಬಾಲ್ ಆಟ ಬಂದಿದೆ. ಬರ್ಟ್ ಕುಳಿತಿದ್ದ ಕುರ್ಚಿಯಲ್ಲಿ ಎಡ್ಡಿಯೇ ಕುಳಿತಿದ್ದಾನೆ. ಎರಡನೆಯ ಚಿತ್ರವನ್ನು ಮೊದಲನೆಯದಕ್ಕಿಂತ ಕೆಳಗಿನದೆಂದು ಹೇಳುವವರೇ ಹೆಚ್ಚು. ಒಂದು ಚಿತ್ರವಾಗಿ ನಾನೂ ಮೊದಲನೆಯದನ್ನೇ ಮೇಲಿಡುತ್ತೇನೆ. ಆದರೆ ಎಡ್ಡಿ ಮತ್ತೆ ಕ್ಯೂ ಹಿಡಿಯಲು ಮೊದಲು ಇನ್ನೊಬ್ಬನ ಕೈಗುಣದಿಂದ ಪಾಲು ತೆಗೆಯುವುದನ್ನು ಬಿಡಬೇಕಾಗಿ ಬರುತ್ತದೆ ಎಂಬ ಅದರ ಕಥನ, ಈ ಚರ್ಚೆಯ ಪ್ರಶ್ನೆಗೆ ನೇರವಾಗಿ ಸೇರಿದ್ದು. ಎರಡನ್ನೂ ಒಂದಾದ ಮೇಲೊಂದರಂತೆ ನೋಡಿದವರು ಇದರ ಬಗ್ಗೆ ಬರೆದರೆ ಸಂತೋಷ. ಸಾರಾಳ ಹೆಸರು ಎರಡನೆಯ ಚಿತ್ರದಲ್ಲಿ ಎಡ್ಡಿಯ ಬದುಕಿನ ಮೇಲೆ ಬೀರಬೇಕಾಗಿದ್ದ ನೆರಳನ್ನು ಬೀರಿದೆಯೇ ಎಂಬುದರ ಬಗ್ಗೆ ತುಂಗಾತೀರ ಅವರ ಅಭಿಪ್ರಾಯವನ್ನು ವಿಶೇಷವಾಗಿ ಕೇಳಬಯಸುತ್ತೇನೆ.

ತುಂಗಾತೀರ

ಬೀರಿಲ್ಲ ಎಂಬುದೇ ನನ್ನ ಉತ್ತರ. ಅಲ್ಲಿನ ಎಡ್ಡಿಗೆ ಹಳೆಯ ಆಟ ನೆನಪಿದೆ, ಆಟವಾಡುವ ಹಕ್ಕು ತಪ್ಪಿಹೋದ ನೋವೂ ಇದೆ. ಸಾರಾಳನ್ನು ಕಳೆದುಕೊಂಡ ಮನುಷ್ಯನ ಗುರುತು ಅವನಲ್ಲಿ ನನಗೆ ಸಿಗಲಿಲ್ಲ. ಆ ಕಾರಣಕ್ಕಾಗಿಯೇ ಎರಡನ್ನೂ ಒಂದೇ ಕಥೆಯೆಂದು ನೋಡಲು ನನ್ನಿಂದ ಆಗುವುದಿಲ್ಲ. 1961ರ ಚಿತ್ರವನ್ನು ಅದರಷ್ಟಕ್ಕೇ ನೋಡಿ, ಬಸ್ ನಿಲ್ದಾಣದ ದೃಶ್ಯದಿಂದ ಬಯಲಿನ ದೃಶ್ಯದವರೆಗಿನ ಭಾಗವನ್ನು ಸಾರಾಳ ಕಡೆಯಿಂದ ಇನ್ನೊಮ್ಮೆ ಗಮನಿಸಿ ಎಂದು ಹೊಸದಾಗಿ ನೋಡುವವರಲ್ಲಿ ಕೇಳಿಕೊಳ್ಳುತ್ತೇನೆ.